ಕಣಜದಲ್ಲಿಟ್ಟ ಪರಿಮಳ ಎಲ್ಲಿಗೆ ಹೋಗುತ್ತದೆ?

ಹೋದ ವರ್ಷದ ಕೊತ್ತಂಬರಿಯಲ್ಲಿ ಸಾರಿನ ಪುಡಿ ಮಾಡುವಾಗ ಮನೆಯ ಹೆಂಗಸರು ಕೈಯನ್ನು ತುಸು ಧಾರಾಳ ಮಾಡುತ್ತಾರೆ. ಹೊಸ ಕೊತ್ತಂಬರಿ ಒಂದು ಸೇರು ಸಾಲುವ ಕಡೆ ಹಳೆಯದು ಒಂದೂಕಾಲು ಸೇರು ಬೇಕೆಂಬುದನ್ನು ಅವರಿಗೆ ಯಾರೂ ಪಾಠ ಹೇಳಿಲ್ಲ, ಮೂಗೇ ಹೇಳಿಕೊಟ್ಟಿದೆ. ಕಾಳು ನೋಡಲು ಹಾಗೆಯೇ ಇದೆ, ಹುಳು ಬಿದ್ದಿಲ್ಲ, ಬೂಸಲು ಹಿಡಿದಿಲ್ಲ, ತೂಕವೂ ಕಡಿಮೆಯಾಗಿಲ್ಲ. ಹಾಗಾದರೆ ಕಡಿಮೆಯಾದುದೇನು? ರೈತ ಬಾಂಧವರೇ, ಈ ಪ್ರಶ್ನೆ ಅಡಿಗೆಮನೆಗೆ ಮಾತ್ರ ಸೇರಿದ್ದಲ್ಲ. ಏಲಕ್ಕಿ, ಮೆಣಸು, ಶುಂಠಿ, ಕೊತ್ತಂಬರಿ, ದವನ, ಲಾವಂಚ ಇವುಗಳಲ್ಲಿ ಯಾವುದನ್ನಾದರೂ ಬೆಳೆದು, ಒಣಗಿಸಿ, ಒಳ್ಳೆಯ ಬೆಲೆ ಬರಲೆಂದು ಮನೆಯಲ್ಲಿ ಇಟ್ಟುಕೊಂಡು ಕುಳಿತವರ ದುಡ್ಡಿನ ಪ್ರಶ್ನೆ ಇದು.

ಈ ಬೆಳೆಗಳಲ್ಲಿ ಪರಿಮಳವನ್ನು ಕೊಡುವುದು ಒಂದು ಬಗೆಯ ಎಣ್ಣೆ. ಇದು ಕಡಲೆಕಾಯಿ ಎಣ್ಣೆಯಂತೆ, ಹುಚ್ಚೆಳ್ಳಿನ ಎಣ್ಣೆಯಂತೆ ಗಾಣಕ್ಕೆ ಹಾಕಿ ತೆಗೆಯುವ ಎಣ್ಣೆಯಲ್ಲ. ಕಡಲೆಕಾಯಿ ಎಣ್ಣೆಯ ಒಂದು ತೊಟ್ಟನ್ನು ಕಾಗದದ ಮೇಲೆ ಬಿಟ್ಟರೆ ಜಿಡ್ಡಿನ ಕಲೆ ಉಳಿದೇ ಉಳಿಯುತ್ತದೆ. ಏಲಕ್ಕಿ ಎಣ್ಣೆಯ ತೊಟ್ಟನ್ನು ಬಿಟ್ಟು ನೋಡಿದರೆ ಸ್ವಲ್ಪ ಹೊತ್ತಿಗೆಲ್ಲ ಕಲೆಯ ಬಹುಭಾಗ ಮಾಯವಾಗಿರುತ್ತದೆ. ಗಾಳಿಗೆ ಹಾರಿಹೋಗುವುದೇ ಇದರ ಸ್ವಭಾವ. ಹಾರಿ ಬಂದು ಮೂಗಿಗೆ ತಗಲುವುದರಿಂದಲೇ ನಮಗೆ ವಾಸನೆ ತಿಳಿಯುತ್ತದೆ. ಅಂದರೆ ಉಗ್ರಾಣದ ಬಾಗಿಲು ತೆರೆದೊಡನೆ ಘಮ್ಮೆಂದಿತೆಂದು ಸಂತೋಷಪಡುವವರು ಒಂದನ್ನು ನೆನಪಿನಲ್ಲಿಡಬೇಕು: ಕೋಣೆಯಲ್ಲಿ ತುಂಬಿರುವ ಆ ಪರಿಮಳ ಚೀಲದಿಂದ ಹೊರಬಿದ್ದು ಹೋದ ಮಾಲು.

ಈ ನಷ್ಟವನ್ನು ತಕ್ಕಡಿ ಏಕೆ ತೋರಿಸುವುದಿಲ್ಲ? ಲೆಕ್ಕಕ್ಕಾಗಿ ಒಂದು ಕ್ವಿಂಟಲ್ ಕೊತ್ತಂಬರಿಯನ್ನು ತೆಗೆದುಕೊಳ್ಳಿ. ನಮ್ಮ ದೇಶದ ದಪ್ಪಕಾಳಿನ ಜಾತಿಗಳಲ್ಲಿ ಸುಗಂಧ ತೈಲ ಬಹಳ ಕಡಿಮೆ. ಶೇಕಡ 0.3ರಷ್ಟು ಇದೆಯೆಂದು ಹಿಡಿಯೋಣ. ಆಗ ಕ್ವಿಂಟಲಿಗೆ 300 ಗ್ರಾಂ ಆಯಿತು. ಅದರಲ್ಲಿ ಮೂರನೆಯ ಒಂದು ಭಾಗ ಹಾರಿಹೋದರೆ ತೂಕದಲ್ಲಿ ಆಗುವ ವ್ಯತ್ಯಾಸ ಬರೇ 100 ಗ್ರಾಂ; ಕ್ವಿಂಟಲ್ ತೂಗುವ ಕಡೆ 100 ಗ್ರಾಮನ್ನು ಯಾರು ನೋಡುತ್ತಾರೆ? ಅಷ್ಟೇ ಅಲ್ಲ, ಮಳೆಗಾಲದಲ್ಲಿ ಅದೇ ಚೀಲ ಗಾಳಿಯ ತೇವವನ್ನು ಶೇಕಡ ಒಂದು ಭಾಗ ಹೀರಿಕೊಂಡರೂ ಒಂದು ಕಿಲೋ ತೂಕ ಹೆಚ್ಚಾಯಿತು. ಪರಿಮಳ ಹೋಗಿ ನೀರು ಬಂದರೆ ತಕ್ಕಡಿ ಅದನ್ನು ಲಾಭವೆಂದು ತೋರಿಸುತ್ತದೆ! ಆದರೆ ಕೊಳ್ಳುವವನು ಅಂಗೈಯಲ್ಲಿ ನಾಲ್ಕು ಕಾಳು ತಿಕ್ಕಿ ಮೂಸಿದರೆ ಗುಟ್ಟು ರಟ್ಟಾಗುತ್ತದೆ. ಎಣ್ಣೆ ತೆಗೆಯುವ ಕಾರ್ಖಾನೆಯವರಂತೂ ಮೂಗನ್ನೂ ನೆಚ್ಚುವುದಿಲ್ಲ. ಮಾದರಿಯನ್ನು ಪುಡಿಮಾಡಿ, ನೀರಿನಲ್ಲಿ ಕುದಿಸಿ, ಆವಿಯೊಡನೆ ಬಂದ ಎಣ್ಣೆಯನ್ನು ಗೆರೆ ಹಾಕಿದ ಗಾಜಿನ ಕೊಳವೆಯಲ್ಲಿ ಹಿಡಿದು ಅಳೆಯುತ್ತಾರೆ. ಇದಕ್ಕೆ ಕ್ಲೆವೆಂಜರ್ ಉಪಕರಣವೆಂದು ಹೆಸರು. 1928ರಿಂದ ಬಳಕೆಗೆ ಬಂದ ಈ ಸಾಧನ ಇಂದಿಗೂ ಪರೀಕ್ಷಾಲಯಗಳಲ್ಲಿದೆ.

ಎಣ್ಣೆ ಕೆಡುವುದಕ್ಕೆ ಎರಡು ದಾರಿಗಳಿವೆ. ಮೊದಲನೆಯದು ಈಗ ಹೇಳಿದಂತೆ ಹಾರಿಹೋಗುವುದು. ಎರಡನೆಯದನ್ನು ಬೆಳೆಗಾರರು ಅಷ್ಟಾಗಿ ಗಮನಿಸುವುದಿಲ್ಲ. ಎಣ್ಣೆ ಇದ್ದಲ್ಲೇ ಇದ್ದು ಬೇರೆಯದಾಗಿ ಮಾರ್ಪಡುವುದು ಅದು. ಸುಗಂಧ ತೈಲವೆಂಬುದು ಒಂದೇ ವಸ್ತುವಲ್ಲ, ಹತ್ತಾರು ವಸ್ತುಗಳ ಮಿಶ್ರಣ. ಇವುಗಳಲ್ಲಿ ಹಗುರವಾದವು ಮೊದಲು ಹಾರುತ್ತವೆ, ಭಾರವಾದವು ಹಿಂದೆ ಉಳಿಯುತ್ತವೆ. ಮೆಣಸಿನಲ್ಲಿಯೂ ನಿಂಬೆ, ಕಿತ್ತಳೆಗಳ ಸಿಪ್ಪೆಯಲ್ಲಿಯೂ ಇರುವ ಲಿಮೊನೀನ್ ಎಂಬ ಹಗುರ ವಸ್ತು ಗಾಳಿಯಲ್ಲಿನ ಆಮ್ಲಜನಕದೊಡನೆ ಕೂಡಿ ಬೇರೆ ವಸ್ತುಗಳಾಗುತ್ತದೆ. ಹಳೆಯ ಕಿತ್ತಳೆ ಸಿಪ್ಪೆಯ ಎಣ್ಣೆ ಬಣ್ಣಕ್ಕೆ ಬೆರೆಸುವ ಟರ್ಪೆಂಟೈನಿನಂತೆ ನಾರುವುದು ಇದರಿಂದಲೇ. ಕಬ್ಬಿಣಕ್ಕೆ ತುಕ್ಕು ಹಿಡಿದಂತೆ ಎಣ್ಣೆಗೂ ಒಂದು ಬಗೆಯ ತುಕ್ಕು ಹಿಡಿಯುತ್ತದೆ ಎನ್ನಬಹುದು. ಬೆಳಕು ಬಿದ್ದರೆ ಇದು ಚುರುಕಾಗುತ್ತದೆ, ಉಷ್ಣ ಏರಿದರೆ ಇನ್ನೂ ಚುರುಕಾಗುತ್ತದೆ. ಇಂಥ ಮಾರ್ಪಾಟುಗಳು ಉಷ್ಣತೆ ಹತ್ತು ಡಿಗ್ರಿ ಏರಿದಾಗ ಸುಮಾರು ಎರಡು ಪಟ್ಟು ವೇಗವಾಗುತ್ತವೆ ಎಂಬುದು ಒಂದು ಒರಟು ಲೆಕ್ಕ. ಬೇಸಗೆಯಲ್ಲಿ ತಗಡಿನ ಸೂರಿನ ಕೆಳಗಿರುವ ಕೋಣೆಗೂ ಮಣ್ಣುಗೋಡೆಯ ಹೆಂಚಿನ ಮನೆಯ ನಡುಕೋಣೆಗೂ ಎಷ್ಟು ಅಂತರವಿದೆಯೆಂದು ನಿಮಗೆ ಹೇಳಬೇಕಾಗಿಲ್ಲ.

ಎಷ್ಟು ಕಾಲ ಇಟ್ಟರೆ ಎಷ್ಟು ಹೋಗುತ್ತದೆ ಎಂದು ಎಲ್ಲ ಬೆಳೆಗೂ ಒಂದೇ ಮಾತಿನಲ್ಲಿ ಹೇಳಲಾಗದು. ಗಿಡದಲ್ಲಿ ಎಣ್ಣೆಯ ಮನೆ ಎಲ್ಲಿದೆ ಎಂಬುದರ ಮೇಲೆ ಅದು ನಿಂತಿದೆ. ತುಳಸಿ, ಪುದೀನ, ದವನ ಮೊದಲಾದವುಗಳಲ್ಲಿ ಎಣ್ಣೆ ಎಲೆಯ ಮೈಮೇಲೆಯೇ, ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳಲ್ಲಿರುತ್ತದೆ. ಈ ಗುಳ್ಳೆಗಳ ಚರ್ಮ ಬಲು ತೆಳು. ಕೈ ಸೋಕಿದರೆ ಸಾಕು, ಒಡೆದು ಘಮ್ಮೆನ್ನುತ್ತದೆ. ಕೊತ್ತಂಬರಿ, ಜೀರಿಗೆ, ಓಮಗಳಲ್ಲಿ ಎಣ್ಣೆ ಕಾಳಿನ ಗೋಡೆಯೊಳಗೆ ಸಣ್ಣ ನಾಳಗಳಲ್ಲಿ ಅಡಗಿರುತ್ತದೆ. ಏಲಕ್ಕಿಯಲ್ಲಿ ಕಾಳಿನ ಸಿಪ್ಪೆಯ ಅಡಿಗೆ, ಶುಂಠಿಯಲ್ಲಿ ಗೆಡ್ಡೆಯೊಳಗೆಲ್ಲ ಚೆದುರಿದ್ದರೂ ಹೊರಚರ್ಮದ ಕೆಳಗೆ ಹೆಚ್ಚಾಗಿ ಇರುತ್ತದೆ. ಲಾವಂಚದಲ್ಲಿ ಬೇರಿನೊಳಗೆ, ಶ್ರೀಗಂಧದಲ್ಲಿ ಮರದ ಚೇಗಿನೊಳಗೆ. ಮನೆ ಎಷ್ಟು ಒಳಗೋ ಎಣ್ಣೆಗೆ ಅಷ್ಟು ಆಯುಸ್ಸು ಹೆಚ್ಚು.

ಗಂಧದ ಚಕ್ಕೆಯನ್ನು ತಾತನ ಕಾಲದ್ದೆಂದು ಪೆಟ್ಟಿಗೆಯಲ್ಲಿಟ್ಟವರು ಇಂದು ಕೊರಡಿನ ಮೇಲೆ ತೇದರೂ ಅದು ಗಂಧವೇ. ಮೊದಲನೆಯ ಮಹಾಯುದ್ಧದಲ್ಲಿ ಮೈಸೂರು ಸಂಸ್ಥಾನದಿಂದ ಜರ್ಮನಿಗೆ ಹೋಗುತ್ತಿದ್ದ ಗಂಧದ ಮರದ ರಫ್ತು ನಿಂತುಹೋಗಿ, 1916ರಲ್ಲಿ ಸಂಸ್ಥಾನವೇ ಎಣ್ಣೆ ತೆಗೆಯುವ ಕೆಲಸಕ್ಕೆ ಕೈಹಾಕಿದ್ದನ್ನು ಹಿರಿಯರಿಂದ ನೀವು ಕೇಳಿರಬಹುದು. ಮಾರಾಟವಾಗದೆ ಉಳಿದುದು ಗಂಧದ ಮರವಾದ್ದರಿಂದ ಕಾಯಲು ಸಾಧ್ಯವಾಯಿತು. ಪುದೀನವಾಗಿದ್ದರೆ ಆ ಕಥೆಯೇ ಬೇರೆಯಾಗುತ್ತಿತ್ತು.

ಕೊತ್ತಂಬರಿಯಿಂದ ಆರಂಭಿಸೋಣ. ಬಯಲುಸೀಮೆಯ ಎರೆಭೂಮಿಯಲ್ಲಿ ಇದನ್ನು ಬಿತ್ತುವವರು ಬಿತ್ತುವ ಮುಂಚೆ ಕಾಳನ್ನು ತಿಕ್ಕಿ ಎರಡು ಹೋಳು ಮಾಡುತ್ತಾರೆ. ಬಿತ್ತನೆಗೆ ಅದು ಸರಿಯೇ. ಆದರೆ ಎಣ್ಣೆಯ ದೊಡ್ಡ ನಾಳಗಳು ಎರಡು ಹೋಳುಗಳು ಕೂಡುವ ಒಳಮುಖದಲ್ಲಿಯೇ ಇವೆ. ಹೋಳಾದೊಡನೆ ಆ ಮುಖ ಗಾಳಿಗೆ ತೆರೆದುಕೊಂಡಿತು. ಒಕ್ಕಣೆಯಲ್ಲಿ ಟ್ರ್ಯಾಕ್ಟರ್ ಹೊಡೆದು, ಇಲ್ಲವೆ ಯಂತ್ರವನ್ನು ಬಿರುಸಾಗಿ ಓಡಿಸಿ, ಕಾಳಿನಲ್ಲಿ ಕಾಲುಭಾಗ ಹೋಳು ಮಾಡಿದವರು ಕಣದಲ್ಲೇ ನಷ್ಟಕ್ಕೆ ಬಾಗಿಲು ತೆಗೆದರೆಂದು ತಿಳಿಯಬೇಕು. ಹೋಳಾದುದನ್ನು ಜರಡಿ ಹಿಡಿದು ಬೇರೆ ಮಾಡಿ ಮೊದಲು ಮಾರಿ. ಇಡೀ ಕಾಳನ್ನು ಮಾತ್ರ ಕಾದಿಡಿ. ಕೊತ್ತಂಬರಿಯ ಸೊಗಸಾದ ವಾಸನೆಗೆ ಕಾರಣವಾದ ಲಿನಲೂಲ್ ಎಂಬ ವಸ್ತು ಅದರ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಇರುತ್ತದೆ. ಅದು ಉಳಿದರೆ ಹೆಸರು ಉಳಿಯಿತು.

ಏಲಕ್ಕಿಯ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಬೆಲೆ ಏರಲೆಂದು ಕಾಯುವ ಆಸೆ ಇದರಲ್ಲಿಯೇ ಹೆಚ್ಚು. ಏಲಕ್ಕಿ ಕಾಳಿನಲ್ಲಿ ಎಣ್ಣೆ ಸಾಮಾನ್ಯವಾಗಿ ಶೇಕಡ 5ಕ್ಕೂ ಮೇಲೆ ಇರುತ್ತದೆ. ಕೊತ್ತಂಬರಿಗೆ ಹೋಲಿಸಿದರೆ ಇದು ಸಾಹುಕಾರ. ಸಿಪ್ಪೆಯಲ್ಲಿ ಎಣ್ಣೆ ಇಲ್ಲವೆನ್ನುವಷ್ಟು ಅಲ್ಪ. ಹಾಗೆಂದು ಸಿಪ್ಪೆ ಹೊಟ್ಟಲ್ಲ, ಅದು ಕಾಳಿಗೆ ದೇವರು ಕೊಟ್ಟ ಡಬ್ಬಿ. ಸಿಪ್ಪೆಯೊಳಗಿನ ಕಾಳು ತಿಂಗಳುಗಟ್ಟಲೆ ತನ್ನ ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಸುಲಿದಿಟ್ಟ ಕಾಳು ಅದಕ್ಕಿಂತ ಬಹು ಬೇಗ ಸಪ್ಪೆಯಾಗುತ್ತದೆ. ಪುಡಿಯಂತೂ ಇನ್ನೂ ಬೇಗ. ಬಾಯಿಬಿಟ್ಟ ಕಾಯಿ ಅರ್ಧ ಸುಲಿದ ಕಾಯಿಗೆ ಸಮಾನ. ಆದಕಾರಣ ತೀರ ಬಲಿಯಲು ಬಿಡದೆ ಸಕಾಲದಲ್ಲಿ ಕೀಳುವುದು, ಒಣಗಿಸುವ ಮನೆಯಲ್ಲಿ ಉಷ್ಣವನ್ನು 45ರಿಂದ 55 ಡಿಗ್ರಿ ಸೆಂಟಿಗ್ರೇಡಿನೊಳಗೆ ಹಿಡಿದಿಡುವುದು, ಬಾಯಿಬಿಟ್ಟುದನ್ನು ಆರಿಸಿ ಬೇರೆ ಮಾಡುವುದು, ಈ ಮೂರೂ ದಾಸ್ತಾನಿನ ಕೆಲಸವೇ. ತೇವ ಶೇಕಡ 10ರ ಆಸುಪಾಸಿಗೆ ಇಳಿಯಬೇಕು. ಕಿವಿಯ ಹತ್ತಿರ ಅಲ್ಲಾಡಿಸಿದರೆ ಕಾಳು ಗಲಗಲ ಎನ್ನಬೇಕು.

ಹಸುರು ಬಣ್ಣ ಏಲಕ್ಕಿಗೆ ಬೆಲೆ ತರುತ್ತದೆ. ಈ ಹಸುರು ಬೆಳಕಿಗೆ ಮಾಸುತ್ತದೆ. ಅದಕ್ಕಾಗಿಯೇ ಒಳಗೆ ಕಪ್ಪು ಪಾಲಿಥೀನ್ ಹಾಳೆ ಹಾಕಿದ ಗೋಣಿಯಲ್ಲಿ ತುಂಬಿ ಮರದ ಪೆಟ್ಟಿಗೆಯಲ್ಲಿಡುವ ಪದ್ಧತಿ ಬಂದಿದೆ. ಮಲೆನಾಡಿನ ಕೆಲವು ಮನೆಗಳಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಇಡುವುದುಂಟು. ಮಳೆಗಾಲದ ಥಂಡಿಯಲ್ಲಿ ಅಲ್ಲೊಂದೇ ಬೆಚ್ಚನೆಯ ಜಾಗವೆಂಬುದು ನಿಜ. ಅಡಿಕೆಗೆ ಅದು ಹಿತವಾಗಿರಬಹುದು; ಏಲಕ್ಕಿಗೆ ಅಲ್ಲ. ದಿನಕ್ಕೆ ಎರಡು ಸಲ ಬಿಸಿಯೇರಿದಾಗ ಎಣ್ಣೆ ಹೊರಬೀಳುತ್ತದೆ, ಹೊಗೆಯ ವಾಸನೆ ಒಳಹೋಗುತ್ತದೆ.

ಬೆಳೆಗಾರನೊಬ್ಬ ಈ ಸಲದ ಬೆಲೆ ಸಾಲದೆಂದು ಐವತ್ತು ಕಿಲೋ ಏಲಕ್ಕಿಯನ್ನು ಮುಂದಿನ ವರ್ಷಕ್ಕೆ ಇಟ್ಟನೆನ್ನಿ. ಮುಂದಿನ ಕೊಯ್ಲು ಮಾರುಕಟ್ಟೆಗೆ ಬರುವಾಗ ಅವನ ಹಳೆಯ ಮಾಲು ಎಳೆಹಸುರಿನ ಹೊಸ ಮಾಲಿನ ಪಕ್ಕದಲ್ಲಿ ಕೂರಬೇಕು. ಬೆಲೆ ಏರಿದ್ದರೂ ಆ ಏರಿಕೆ ಹೊಸ ಮಾಲಿಗೆ. ಮಾಸಿದ ಮಾಲಿಗೆ ಕೆಳಗಿನ ದರ್ಜೆ. ಕಾಯುವುದೇ ತಪ್ಪೆಂದು ನಾವು ಹೇಳುತ್ತಿಲ್ಲ. ಕೊಯ್ಲಿನ ಭರದಲ್ಲಿ ಎಲ್ಲರೊಡನೆ ನುಗ್ಗಿ ಮಾರುವುದಕ್ಕಿಂತ ಮೂರು ನಾಲ್ಕು ತಿಂಗಳು ಚೆನ್ನಾಗಿ ಕಾಪಾಡಿ ಮಾರುವುದು ಜಾಣತನವೇ. ಹೊಸ ಬೆಳೆ ಬರುವವರೆಗೂ ಕಾಯುವುದು ಮಾತ್ರ ಜೂಜು. ಅದರಲ್ಲಿ ಪಣಕ್ಕಿಟ್ಟದ್ದು ದಿನದಿನಕ್ಕೂ ಸವೆಯುತ್ತಿರುತ್ತದೆ.

ಕಾಳುಮೆಣಸು ಗಟ್ಟಿ ಜೀವ. ಇದರಲ್ಲಿ ಜನರು ಮೋಸಹೋಗುವ ಒಂದು ಅಂಶವಿದೆ. ಮೆಣಸಿನ ಖಾರಕ್ಕೆ ಕಾರಣವಾದ ಪೈಪರೀನ್ ಹಾರುವ ವಸ್ತುವಲ್ಲ. ಪರಿಮಳ ಮಾತ್ರ ಹಾರುವ ಎಣ್ಣೆಯದು. ಹಳೆಯ ಮೆಣಸನ್ನು ಬಾಯಿಗೆ ಹಾಕಿ ಖಾರ ಇದೆಯೆಂದು ತೃಪ್ತಿಪಟ್ಟರೆ ಪರಿಮಳ ಹೋದದ್ದು ತಿಳಿಯುವುದಿಲ್ಲ. ಮೆಣಸನ್ನು ಕುಟ್ಟಿ ಮೂಸಿ ನೋಡಬೇಕು. ಇಡೀ ಕಾಳು ಚೆನ್ನಾಗಿ ಒಣಗಿ, ತೇವ ಶೇಕಡ 10–11 ದಾಟದಿದ್ದರೆ ವರ್ಷ ಕಳೆದರೂ ಮರ್ಯಾದೆ ಕೆಡದು. ಅರಿಸಿನದಲ್ಲಿಯೂ ಹೀಗೆಯೇ, ಬಣ್ಣ ಬೇರೆ, ಪರಿಮಳ ಬೇರೆ. ಬಣ್ಣ ಹಾರುವುದಿಲ್ಲ, ಆದರೆ ಬಿಸಿಲಿಗೆ ಮಾಸುತ್ತದೆ.

ಶುಂಠಿಯಲ್ಲಿ ಎಣ್ಣೆ ಚರ್ಮದ ಕೆಳಗೇ ಹೆಚ್ಚೆಂದು ಹೇಳಿದೆವಷ್ಟೆ. ಬೆಳ್ಳಗೆ ಕಾಣಲೆಂದು ಆಳವಾಗಿ ಹೆರೆದರೆ ಪರಿಮಳವೇ ಹೆರೆಹೊಟ್ಟಿನೊಡನೆ ತಿಪ್ಪೆಗೆ ಹೋಗುತ್ತದೆ. ಬಿದಿರಿನ ಚೂಪಿನಿಂದ ಮೇಲಿನ ಪೊರೆಯನ್ನು ಮಾತ್ರ ಕೆರೆಯಬೇಕು. ಒಣಶುಂಠಿಯನ್ನು ಇಟ್ಟಂತೆಲ್ಲ ಹಸಿಶುಂಠಿಯ ಖಾರವಾದ ಜಿಂಜರಾಲ್ ಸ್ವಲ್ಪ ಸ್ವಲ್ಪವಾಗಿ ಶೋಗಾಲ್ ಎಂಬ ಇನ್ನೂ ತೀಕ್ಷ್ಣವಾದ ವಸ್ತುವಾಗುತ್ತದೆ. ಹಳೆಯ ಶುಂಠಿ ಗಂಟಲು ಸುಡುತ್ತದೆ, ಆದರೆ ಘಮಘಮಿಸುವುದಿಲ್ಲ. ಹುಳುವಿನ ಕಾಟವೂ ಇದಕ್ಕೆ ಹೆಚ್ಚು. ತೂತು ಕೊರೆದು ಪುಡಿ ಉದುರಿಸುವ ಸಣ್ಣ ಕಂದುಬಣ್ಣದ ಹುಳುವನ್ನು ಕಂಡರೆ ಆ ಚೀಲವನ್ನು ಕೂಡಲೆ ಬೇರೆ ಮಾಡಿ. ಮನೆಯಲ್ಲಿರುವ ಯಾವುದೋ ಕೀಟನಾಶಕದ ಪುಡಿಯನ್ನು ತಿನ್ನುವ ಪದಾರ್ಥದ ಮೇಲೆ ಎರಚುವ ಕೆಲಸಕ್ಕೆ ಮಾತ್ರ ಎಂದೂ ಹೋಗಬೇಡಿ.

ಇನ್ನು ಎಲೆಗಳು. ಇವುಗಳನ್ನು ದಾಸ್ತಾನು ಮಾಡುವ ಮಾತೇ ಬೇಡ ಎನ್ನುವಷ್ಟು ಇವು ಸೂಕ್ಷ್ಮ. ಇಡುವುದಾದರೆ ಎಲೆಯನ್ನು ನೆರಳಿನಲ್ಲಿ ಒಣಗಿಸಿ, ಇಡಿಯಾಗಿ, ಮುರಿಯದೆ ಇಡಬೇಕು. ಮುರಿದರೆ ಎಣ್ಣೆ ಹೋಗುತ್ತದೆಂಬುದನ್ನು ಕಾನೂನೇ ಒಪ್ಪಿಕೊಂಡಿರುವ ಒಂದು ನಿದರ್ಶನವಿದೆ. ಯೂರೋಪಿನಲ್ಲಿ ಔಷಧಿಗೆ ಪೆಪ್ಪರ್‌ಮಿಂಟ್ ಎಂಬ ಪುದೀನ ಜಾತಿಯ ಎಲೆಯನ್ನು ಒಣಗಿಸಿ ಮಾರುತ್ತಾರೆ. ಅಲ್ಲಿನ ಔಷಧ ಸಂಹಿತೆಯಂತೆ ಇಡೀ ಎಲೆಯಾದರೆ ಕಿಲೋಗೆ ಕನಿಷ್ಠ 12 ಮಿಲಿಲೀಟರ್ ಎಣ್ಣೆ ಇರಬೇಕು. ಕತ್ತರಿಸಿದ ಎಲೆಯಾದರೆ 9 ಮಿಲಿಲೀಟರ್ ಇದ್ದರೂ ಸಾಕು. ಕತ್ತರಿಸಿದ್ದಕ್ಕೇ ಕಾಲುಭಾಗದ ರಿಯಾಯಿತಿ!

ದವನವನ್ನು ಹಳೆಯ ಮೈಸೂರು ಸೀಮೆಯಲ್ಲಿ ಹೂವಿನ ಬೆಳೆಯೆಂದೇ ಬೆಳೆಸುತ್ತ ಬಂದಿದ್ದಾರೆ. ದವನದ ಹುಣ್ಣಿಮೆಗೆ ದೇವರಿಗೆ ಏರಿಸುವವರಿಗೆ ಹಸಿಯ ದವನ ಬೇಕು. ಎಣ್ಣೆಗಾಗಿ ಬೆಳೆಯುವವರು ಮಾತ್ರ ಹೂ ಬಂದಾಗ ಕೊಯ್ದು, ಸುಮಾರು ಒಂದು ವಾರ ನೆರಳಿನಲ್ಲಿ ಬಾಡಿಸಿ ಬಟ್ಟಿಗೆ ಹಾಕುತ್ತಾರೆ. ಇದರಿಂದ ನೀರಿನ ಭಾರ ಇಳಿದು ಒಂದೇ ಪಾತ್ರೆಯಲ್ಲಿ ಹೆಚ್ಚು ಗಿಡ ಹಿಡಿಯುತ್ತದೆ, ಸೌದೆಯೂ ಉಳಿಯುತ್ತದೆ. ಈ ವಾರದಲ್ಲಿ ಗಿಡವನ್ನು ರಾಶಿ ಹಾಕಬಾರದು. ರಾಶಿಯ ನಡುವೆ ಕೈಯಿಟ್ಟು ನೋಡಿದರೆ ಗೊಬ್ಬರದ ಗುಂಡಿಯಂತೆ ಬಿಸಿಯಾಗಿರುತ್ತದೆ. ಇಲ್ಲಿ ಒಂದು ಎಚ್ಚರಿಕೆ. ಹಸಿಗಿಡದಲ್ಲಿ ಶೇಕಡ ಇಷ್ಟು ಎಣ್ಣೆ ಬಂತು, ಒಣಗಿಡದಲ್ಲಿ ಅದಕ್ಕಿಂತ ಹೆಚ್ಚು ಬಂತು, ಒಣಗಿಸಿದರೆ ಎಣ್ಣೆ ಬೆಳೆಯುತ್ತದೆ ಎಂದು ವಾದಿಸುವವರಿದ್ದಾರೆ. ಎಣ್ಣೆ ಬೆಳೆದಿರುವುದಿಲ್ಲ, ನೀರು ಹೋಗಿರುತ್ತದೆ. ಒಂದು ಗುಂಟೆಯ ಗಿಡದಿಂದ ಒಟ್ಟು ಎಷ್ಟು ಎಣ್ಣೆ ಬಂತೆಂದು ಹೋಲಿಸಿ ನೋಡಿದರೆ ಸತ್ಯ ತಿಳಿಯುತ್ತದೆ.

ಇಡುವುದರಿಂದ ಗುಣ ಹೆಚ್ಚುವ ಸಸ್ಯಗಳೂ ಇಲ್ಲದಿಲ್ಲ. ಪಚ್ಚೋಲಿಯ ಎಲೆಯನ್ನು ನೆರಳಿನಲ್ಲಿ ಒಣಗಿಸಿ ಕೆಲವು ವಾರ ಇಟ್ಟು ಬಟ್ಟಿ ಇಳಿಸುವುದೇ ವಾಡಿಕೆ. ಅದರ ಬೆಲೆಯಿರುವುದು ಭಾರವಾದ, ಬೇಗ ಹಾರದ ವಸ್ತುಗಳಲ್ಲಿ. ಲಾವಂಚದ ಬೇರೂ ಇದೇ ಬಳಗ. ಕುಡಿಯುವ ನೀರಿನ ಮಡಕೆಗೆ ಹಾಕಿದ ಬೇರನ್ನು ತೆಗೆದು ಒಣಗಿಸಿ ಮತ್ತೆ ಹಾಕಿದರೂ ತಂಪು ವಾಸನೆ ಬರುವುದನ್ನು ನೀವು ಕಂಡಿದ್ದೀರಿ. ಮಣ್ಣು ತೊಳೆದು ನೆರಳಿನಲ್ಲಿ ಒಣಗಿಸಿದ ಬೇರು ಬೆಲೆಗಾಗಿ ಕಾಯಬಲ್ಲುದು. ಹಾಗೆಂದು ವರ್ಷಗಟ್ಟಲೆ ಬಿಟ್ಟರೆ ಇದರಲ್ಲಿಯೂ ಎಣ್ಣೆಯ ಇಳುವರಿ ಇಳಿಯುತ್ತದೆ.

ಪಾತ್ರೆಯ ವಿಚಾರ. ಬರಿಯ ಗೋಣಿ ಚೀಲ ಗಾಳಿಗೂ ತೇವಕ್ಕೂ ತೆರೆದ ಬಾಗಿಲು. ಅಂಗಡಿಯ ತೆಳ್ಳನೆಯ ಪ್ಲಾಸ್ಟಿಕ್ ಚೀಲ ನೀರನ್ನು ತಡೆಯುತ್ತದೆಯೇ ಹೊರತು ಪರಿಮಳವನ್ನು ಪೂರ್ತಿ ತಡೆಯುವುದಿಲ್ಲ. ನಂಬಿಕೆ ಬಾರದಿದ್ದರೆ ಒಂದು ಹಿಡಿ ಏಲಕ್ಕಿಯನ್ನು ಅಂಥ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಬಟ್ಟೆಯ ಪೆಟ್ಟಿಗೆಯಲ್ಲಿಟ್ಟು ಎರಡು ದಿನ ಬಿಟ್ಟು ಮುಚ್ಚಳ ತೆಗೆಯಿರಿ. ಬಟ್ಟೆಯೇ ಸಾಕ್ಷಿ ಹೇಳುತ್ತದೆ. ಬಿಗಿ ಮುಚ್ಚಳದ ತಗಡಿನ ಡಬ್ಬ, ಗಾಜಿನ ಭರಣಿ, ಒಳಗೆ ಅಲ್ಯೂಮಿನಿಯಂ ಹಾಳೆಯಿರುವ ದಪ್ಪ ಚೀಲ, ಇವು ಉತ್ತಮ. ಡಬ್ಬವನ್ನು ಕಂಠದವರೆಗೆ ತುಂಬಬೇಕು. ಅರ್ಧ ಖಾಲಿ ಡಬ್ಬದಲ್ಲಿ ಅರ್ಧ ಗಾಳಿ ಇರುತ್ತದೆ, ಎಣ್ಣೆ ಕೆಡಿಸುವುದು ಆ ಗಾಳಿಯೇ. ಒಂದು ದೊಡ್ಡ ಡಬ್ಬಕ್ಕಿಂತ ನಾಲ್ಕು ಸಣ್ಣ ಡಬ್ಬ ಮೇಲು, ಒಂದನ್ನು ತೆರೆದಾಗ ಉಳಿದ ಮೂರು ಭದ್ರವಾಗಿರುತ್ತವೆ. ಸೀಮೆಎಣ್ಣೆ, ಗೊಬ್ಬರ, ಔಷಧಿ ಸಿಂಪಡಿಸುವ ಪಂಪು ಇರುವ ಕೋಣೆಯಲ್ಲಿ ಇವನ್ನು ಇಡಬೇಡಿ. ಹಳೆಯದನ್ನು ಹೊಸದರೊಡನೆ ಬೆರೆಸಿದರೆ ಹಳೆಯದಕ್ಕೆ ಬೆಲೆ ಬರುವುದಿಲ್ಲ, ಹೊಸದರ ಬೆಲೆಯೂ ಇಳಿಯುತ್ತದೆ.

ಎಷ್ಟೇ ಒಳ್ಳೆಯ ಡಬ್ಬವಾದರೂ ಸರಿಯಾಗಿ ಒಣಗದ ಮಾಲನ್ನು ಅದರಲ್ಲಿ ಮುಚ್ಚಿದರೆ ಕೆಲಸ ಕೆಟ್ಟಿತು. ಒಳಗಿನ ತೇವ ಹೊರಹೋಗಲು ದಾರಿಯಿಲ್ಲದೆ ಬೂಸಲು ಏಳುತ್ತದೆ, ಮತ್ತು ಕೆಲವು ಬೂಸಲು ವಿಷಕರ. ಅಂಥ ಮಾಲನ್ನು ಒರೆಸಿ ಮಾರುವ ಯೋಚನೆ ಬೇಡ, ಮನೆಯಲ್ಲಿ ಬಳಸುವುದೂ ಬೇಡ. ಮಳೆಗಾಲದಲ್ಲಿ ಡಬ್ಬ ತೆರೆಯಲೇಬೇಕಾದರೆ ಬಿಸಿಲು ಬಿದ್ದ ದಿನ ನಡುಹಗಲಿನಲ್ಲಿ ತೆರೆದು ಕೂಡಲೆ ಮುಚ್ಚಿ.

ಶೀತಲಗೃಹದ ಸೌಕರ್ಯವಿರುವ ಕಡೆ, ಬ್ಯಾಡಗಿಯಲ್ಲಿ ಒಣಮೆಣಸಿನಕಾಯಿಯನ್ನು ಇಡುವಂತೆ, ಕೊತ್ತಂಬರಿ, ಏಲಕ್ಕಿಗಳನ್ನೂ ಇಡಬಹುದು. ಬಾಡಿಗೆಯ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಿ. ಹೊರತೆಗೆದ ದಿನ ಚೀಲದ ಬಾಯಿಯನ್ನು ಒಡನೆಯೇ ಬಿಚ್ಚಬೇಡಿ. ತಣ್ಣಗಿನ ಕಾಳಿಗೆ ಹೊರಗಿನ ಗಾಳಿ ತಗಲಿದರೆ, ತಣ್ಣೀರಿನ ಚೊಂಬು ಬೆವರುವಂತೆ ಕಾಳು ಬೆವರುತ್ತದೆ. ಒಂದು ರಾತ್ರಿ ಹಾಗೆಯೇ ಬಿಟ್ಟು, ಚೀಲ ಮುಟ್ಟಿದರೆ ತಣ್ಣಗಿಲ್ಲವೆಂದಾದ ಮೇಲೆ ಬಿಚ್ಚಿ.

ಒಣಗಿಸಿ ತುಂಬಿದ ದಿನವೇ ಪ್ರತಿ ಡಬ್ಬದ ಮೇಲೂ ತಿಂಗಳು, ವರ್ಷ ಬರೆಯಿರಿ, ಮತ್ತು ಅದೇ ಮಾಲಿನ ಒಂದು ಹಿಡಿಯನ್ನು ಸಣ್ಣ ಗಾಜಿನ ಸೀಸೆಯಲ್ಲಿ ತುಂಬಿ, ಬಿರಡೆ ಬಿಗಿದು, ಮನೆಯ ತಂಪಾದ ಕತ್ತಲೆಯ ಮೂಲೆಯಲ್ಲಿಡಿ. ಎರಡು ತಿಂಗಳಿಗೊಮ್ಮೆ ಡಬ್ಬದಿಂದ ನಾಲ್ಕು ಕಾಳು, ಸೀಸೆಯಿಂದ ನಾಲ್ಕು ಕಾಳು ತೆಗೆದು ಬೇರೆ ಬೇರೆಯಾಗಿ ಜಜ್ಜಿ, ಯಾವುದು ಯಾವುದೆಂದು ಹೇಳದೆ ಮನೆಯ ಹೆಂಗಸರ ಕೈಗೆ ಕೊಟ್ಟು ಮೂಸಲು ಹೇಳಿ. ಅವರು ತಡಮಾಡದೆ ಸೀಸೆಯದೇ ಒಳ್ಳೆಯದೆಂದು ತೋರಿಸಿದರೆ, ಮುಂದಿನ ಸಂತೆಯವರೆಗೂ ಕಾಯದೆ ಗಿರಾಕಿಯನ್ನು ಹುಡುಕಿ.